ಅಳು ಬರಿಸುವ ಹಲಗೆ

ರಾತ್ರಿ ಸೆಕೆಯೆಂದು ಗಂಡ ತೆರೆದಿಟ್ಟಿದ್ದ ಕಿಟಕಿಗಳನ್ನು ರಾಜೇಶ್ವರಿ ಬೆಳಿಗ್ಗೆ ಎದ್ದವಳೇ ಮತ್ತೆ ಒಂದೊಂದಾಗಿ ಮುಚ್ಚಿದಳು. ಪಡಸಾಲೆಯವು, ಅಡುಗೆಮನೆಯದು, ಮಲಗುವ ಕೋಣೆಯದು, ಕೊನೆಗೆ ದೇವರ ಮನೆಯ ಗೇಣಗಲದ ಕಿಂಡಿಯನ್ನೂ. ಎಲ್ಲ ಹೊಸ ಕಿಟಕಿಗಳು. ಸರಿಸಿದರೆ ಸದ್ದಿಲ್ಲದೆ ಜಾರಿ, ರಬ್ಬರಿನ ಅಂಚು ತುಟಿ ಬಿಗಿದ ಹಾಗೆ ಗಪ್ಪನೆ ಕೂತುಬಿಡುತ್ತಿದ್ದವು. ಹಿಂದೆ ನಿಂತಿದ್ದ ಸಿದ್ಧಾರೂಢ ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತ, "ಯಾಕ ಮುಚ್ಚಾಕತ್ತಿ? ಮದಲ ಕಣ್ಣ ಉರಿಯಾಕತ್ತಾವು," ಎಂದ. "ಧೂಳ ಬರತೈತ್ರಿ. ಮಂದಿ ಬರೋ ದಿನ," ಎಂದಳು. ಬೈಲಹೊಂಗಲದ ಕಾಲೇಜಿನಲ್ಲಿ ವರ್ಷಗಟ್ಟಲೆ ರಸಾಯನಶಾಸ್ತ್ರ ಕಲಿಸಿದವಳು ಧೂಳು ಎಂದರೆ ಅದು ಧೂಳೇ ಇರಬೇಕೆಂದು ಅವನು ಸುಮ್ಮನಾದ. ಬಟ್ಟೆ ಅಂಗಡಿ ಇಟ್ಟವನು. ಎದುರಿಗಿದ್ದವರು ಹೇಳಿದ್ದನ್ನು ನಂಬುವುದಕ್ಕೂ ನಂಬಿದಂತೆ ತಲೆಯಾಡಿಸುವುದಕ್ಕೂ ನಡುವಿನ ವ್ಯತ್ಯಾಸವನ್ನು ಅವನು ಎಂದೋ ಮರೆತಿದ್ದ. ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, ಬಡಿಗ ದುರ್ಗಪ್ಪ ಹೇಳಿಕೊಟ್ಟಿದ್ದಂತೆ ಉಳ್ಳಾಗಡ್ಡಿಗಳನ್ನು ಅರ್ಧರ್ಧ ಹೆಚ್ಚಿ ಕಪಾಟಿನ ಮೂಲೆ ಮೂಲೆಗೆ ಇಡತೊಡಗಿದ. ಹೊಸ ಮನೆಯ ವಾಸನೆಯನ್ನು ಉಳ್ಳಾಗಡ್ಡಿ ಹೀರಿಕೊಳ್ಳುತ್ತದಂತೆ. ಹೀರಿಕೊಳ್ಳುವುದಿಲ್ಲ ಎಂದು ರಾಜೇಶ್ವರಿಗೆ ಗೊತ್ತಿತ್ತು, ಹೇಳಲಿಲ್ಲ. ಕಣ್ಣುರಿ ಯಾಕೆಂದು ಯಾರಾದರೂ ಕೇಳಿದರೆ ಹೇಳುವುದಕ್ಕೆ ಉಳ್ಳಾಗಡ್ಡಿ ಒಂದು ಇರಲಿ ಎಂದು ಅನ್ನಿಸಿತು, ಅನ್ನಿಸಿದ್ದಕ್ಕೆ ತನ್ನ ಬಗ್ಗೆಯೇ ಒಂದು ತೆರನ ಮೆಚ್ಚುಗೆಯೂ ಹೇಸಿಕೆಯೂ ಒಟ್ಟೊಟ್ಟಿಗೆ ಹುಟ್ಟಿದವು.

ಅದು ಧೂಳಲ್ಲವೆಂದು ಅವಳಿಗೆ ಗುರುವಾರವೇ ತಿಳಿದಿತ್ತು. ತಿಳಿದ ರೀತಿಯನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತಿತ್ತು. ಪಿಯುಸಿ ಎರಡನೆಯ ವರ್ಷದ ಹುಡುಗಿಯರಿಗೆ ಫಾರ್ಮಾಲ್ಡಿಹೈಡಿನ ಗುಣಗಳನ್ನು ಬರೆಸುತ್ತಿದ್ದಳು. ಬಣ್ಣವಿಲ್ಲದ ಅನಿಲ, ಮೂಗಿಗೆ ಚುಚ್ಚುವ ಘಾಟು, ಕಣ್ಣು ಗಂಟಲುಗಳಿಗೆ ಉರಿ ತರುತ್ತದೆ, ಹಲಗೆಗಳನ್ನು ಒತ್ತಿ ಕೂಡಿಸುವ ಅಂಟಿನಲ್ಲಿ ಬಳಸುತ್ತಾರೆ. ಪ್ರತಿ ವರ್ಷ ಇದೇ ವಾಕ್ಯ, ಇದೇ ಸರದಿಯಲ್ಲಿ, ಮಗ್ಗಿ ಒಪ್ಪಿಸಿದ ಹಾಗೆ. ಅಂಟು ಎಂದು ಬರೆಯುತ್ತಿದ್ದಂತೆ ಕೈ ಕರಿಹಲಗೆಯ ಮೇಲೆಯೇ ನಿಂತುಹೋಯಿತು. ಹಿಂದಿನ ಬೆಂಚಿನ ಹುಡುಗಿ, "ಮಿಸ್, ಮುಂದ ಏನ್ ಬರಿಯೂದ್ರಿ?" ಎಂದಾಗ ಮುಂದೆ ಏನು ಬರೆಯಬೇಕೆಂದು ಅವಳಿಗೇ ಹೊಳೆಯಲಿಲ್ಲ. ಕ್ಲಾಸು ಮುಗಿದ ಕೂಡಲೇ ನೇರವಾಗಿ ಜೀವಶಾಸ್ತ್ರದ ಲ್ಯಾಬಿಗೆ ಹೋಗಿ, ಯಾರೂ ಇಲ್ಲವೆಂದು ನೋಡಿಕೊಂಡು, ಅದೇ ಫಾರ್ಮಾಲ್ಡಿಹೈಡಿನ ದ್ರವದಲ್ಲಿ ಕಪ್ಪೆ ಮುಳುಗಿಸಿಟ್ಟ ಗಾಜಿನ ಭರಣಿಯ ಮುಚ್ಚಳ ತೆಗೆದು ಮೂಗು ಒಡ್ಡಿದಳು. ತನ್ನ ಹೊಸ ಮಲಗುವ ಕೋಣೆಯ ವಾಸನೆ. ಎರಡು ತಿಂಗಳಿಂದ, ಬಂದವರಿಗೆಲ್ಲ ಹೊಸತರ ವಾಸನೆ ಎಂದು ಹೆಮ್ಮೆಯಿಂದ ಹೇಳುತ್ತಿದ್ದ ಅದೇ ವಾಸನೆ. ಭರಣಿಯೊಳಗಿನ ಕಪ್ಪೆ ಕೈಕಾಲು ಚಾಚಿ, ತಾನು ಇದನ್ನು ಮೊದಲೇ ಹೇಳಬಹುದಿತ್ತು ಎಂಬಂತೆ ಅವಳನ್ನು ನೋಡುತ್ತಿತ್ತು.

"ಏನ್ ಮೇಡಂ, ಕಪ್ಪಿ ಬೇಕಾಗಿತ್ತೇನ್ರಿ?" ಬಾಗಿಲಲ್ಲಿ ಸತ್ಯಪ್ಪ ನಿಂತಿದ್ದ. ಜೀವಶಾಸ್ತ್ರದ ಲೆಕ್ಚರರು, ಹತ್ತು ಮಾತಿನಲ್ಲಿ ಒಂಬತ್ತು ತಮಾಷೆ.

"ಇಲ್ಲರಿ ಸರ್, ಸುಮ್ನ ನೋಡಾಕ ಬಂದಿದ್ದೆ."

"ನೋಡೂದ ಬ್ಯಾರೆ, ಮೂಸೂದ ಬ್ಯಾರೆ ಅಲ್ರಿ." ಅವನು ಭರಣಿಯ ಮುಚ್ಚಳ ಹಾಕಿದ. "ಒಂದ್ ಮಾತ ಹೇಳಲೇನ್ರಿ, ಸಿಟ್ಟ ಮಾಡ್ಕೊಬ್ಯಾಡ್ರಿ. ಈಗ ಒಂದೆರಡ ತಿಂಗಳಾತು, ನೀವು ಸ್ಟಾಫ್ ರೂಮಿಗೆ ಬಂದ್ರ ನಮ್ಮ ಲ್ಯಾಬಿನ ವಾಸನಿ ಬರತೈತಿ. ನಾ ಕಪ್ಪಿ ಎಣಿಸಿ ನೋಡಿದೆ. ಎಲ್ಲಾ ಅದಾವ."

ಅವನ ತಮಾಷೆಗೆ ನಗಬೇಕಾಗಿತ್ತು. ನಗುವ ಬದಲು ಅವಳು ತನ್ನ ಸೀರೆಯ ಸೆರಗನ್ನು ಮೂಗಿಗೆ ಹಿಡಿದು ನೋಡಿಕೊಂಡಳು, ಅವನ ಎದುರಿಗೇ. ಹೊಸ ಬೀರುವಿನಲ್ಲಿ ಮಡಿಸಿಟ್ಟ ಸೀರೆ. ಆ ಬೀರುವಿನ ಹಲಗೆಯನ್ನು ಆರಿಸಿದ್ದು ಯಾರು? ದುರ್ಗಪ್ಪ ಎರಡು ತುಂಡು ತಂದು ಕಟ್ಟೆಯ ಮೇಲೆ ಇಟ್ಟಿದ್ದ. ಒಂದು ಪುಡಿಕಟ್ಟಿಗೆಯನ್ನು ಅಂಟಿನಲ್ಲಿ ಕಲಸಿ ಒತ್ತಿದ್ದು, ಮುಟ್ಟಿದರೆ ಬಿಸ್ಕಿಟಿನಂತೆ ಉದುರುವಂಥದ್ದು, ಇನ್ನೊಂದು ಗಟ್ಟಿ. ಇದರ ಅಂಟು ಕಡಿಮೆ, ವಾಸನೆ ಬರುವುದಿಲ್ಲ, ಆದರೆ ಈ ಬಣ್ಣದ್ದು ಸಿಗಲಿಕ್ಕೆ ತಡವಾಗುತ್ತದೆ ಎಂದಿದ್ದ. ಅವಳು ಹಲಗೆಯನ್ನು ನೋಡಲೇ ಇಲ್ಲ, ಮೇಲಿನ ಹಾಳೆಯನ್ನು ನೋಡಿದಳು. ಅಖರೋಟದ ಬಣ್ಣ. ಅದೇ ಬೇಕು, ಬೇಗ ಬೇಕು, ಯುಗಾದಿಯೊಳಗೆ ಬೇಕು. ಅಂಚುಗಳಿಗೆ ಪಟ್ಟಿ ಹಚ್ಚುವುದಕ್ಕೂ ಪುರಸೊತ್ತು ಕೊಡದೆ ಅವನ ತಲೆ ತಿಂದಳು. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲು ಬಿದ್ದು ಬಣ್ಣ ಕೆಡುತ್ತದೆಂದು ಅದರ ಅಡಿಗೆ ಬಿಳಿಯ ಸುಳ್ಳು ಮಾಳಿಗೆಯೊಂದನ್ನು, ಫಾಲ್ಸ್ ಸೀಲಿಂಗನ್ನು, ಹೊದಿಸಿದಳು. ಮನೆ ಒಂದು ಮುಚ್ಚಿದ ಡಬ್ಬಿಯಾಯಿತು. ಆ ಡಬ್ಬಿಯಲ್ಲಿ ಮಲಗಿ ಎದ್ದು ಕಾಲೇಜಿಗೆ ಬಂದು, ಡಬ್ಬಿಯಲ್ಲಿ ಏನಿದೆ ಎಂಬುದನ್ನು ಹುಡುಗಿಯರಿಗೆ ಹಲಗೆಯ ಮೇಲೆ ಬರೆದು ತೋರಿಸಿದಳು.

ಗುರುವಾರ ಸಂಜೆ ಅವಳು ಮಾಡಬೇಕಾದ್ದನ್ನೇ ಮಾಡಿದಳು. ಕಿಟಕಿ ಬಾಗಿಲು ಎಲ್ಲ ತೆರೆದಳು, ಫ್ಯಾನು ಹಚ್ಚಿದಳು, ಕಪಾಟುಗಳನ್ನು ಬಾಯಿ ತೆರೆಸಿ ನಿಲ್ಲಿಸಿದಳು. ಆ ರಾತ್ರಿ ತಿಂಗಳುಗಳ ನಂತರ ತಲೆನೋವಿಲ್ಲದೆ ನಿದ್ದೆ ಬಂತು. ಶುಕ್ರವಾರ ಊಟದ ಹೊತ್ತಿಗೆ ಸಿದ್ಧಾರೂಢ, ತಟ್ಟೆಯಿಂದ ಕಣ್ಣೆತ್ತದೆ, "ರವಿವಾರ ಅವ್ವನ ಪುಣ್ಯತಿಥಿಗೆ ವೈನಿ ಬರತಾರಂತ. ಫೋನ್ ಮಾಡಿದ್ರು," ಎಂದ.

ವೈನಿ ಎಂದರೆ ಅವನ ಅಣ್ಣನ ಹೆಂಡತಿ, ಅವಳ ನೆಗೆಣ್ಣಿ ಗಂಗಾ. ಕಿತ್ತೂರಿನಲ್ಲಿ ಹೆದ್ದಾರಿಯ ಮಗ್ಗುಲಿಗೆ ಖಾನಾವಳಿ ನಡೆಸುವವಳು. ಲಾರಿಗಳ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವಳ ದನಿಗೆ ಮೆತ್ತಗಾಗುವುದೇ ಗೊತ್ತಿರಲಿಲ್ಲ. ಅತ್ತೆ ಚನ್ನವ್ವ ತೀರಿಕೊಂಡ ದಿನ ಅದೇ ದನಿಯಲ್ಲಿ, ಕಿತ್ತೂರಿನ ಮನೆಯ ತುಂಬ ಮಂದಿ ಕೂತಿರುವಾಗ, ಹೆಣದ ತಲೆಯ ಹತ್ತಿರ ನಿಂತು ಹೇಳಿದ್ದಳು: "ಸಾಲಿ ಕಲತಾಕಿ ನೋಡ್ರಿ. ಕಣ್ಣಾಗ ಒಂದ್ ಹನಿ ನೀರಿಲ್ಲ." ಎಲ್ಲರೂ ನೋಡಿದರು. ರಾಜೇಶ್ವರಿ ಗೋಡೆಗೆ ಆತು ಕೂತಿದ್ದಳು. ಕಣ್ಣು ನಿಜವಾಗಿಯೂ ಒಣಗಿತ್ತು. ಅಷ್ಟು ಕಣ್ಣುಗಳು ತನ್ನ ಎರಡು ಕಣ್ಣುಗಳನ್ನು ಪರೀಕ್ಷೆ ಮಾಡುತ್ತಿರುವಾಗ ನೀರು ತರುವುದಕ್ಕೆ ಅವಳು ಪ್ರಯತ್ನಪಟ್ಟಳು. ರೆಪ್ಪೆ ಬಡಿದಳು, ಅತ್ತೆ ತನಗೆ ಹೆರಳು ಹಾಕಿದ್ದನ್ನು ನೆನೆದಳು, ಏನೂ ಆಗಲಿಲ್ಲ. ಅತ್ತೆಯ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ, ಇತ್ತು. ಆದರೆ ಇದ್ದದ್ದನ್ನು ತೋರಿಸುವುದಕ್ಕೆ ಬೇಕಾದ ನೀರು ಇರಲಿಲ್ಲ. ಅಂದಿನಿಂದ ಗಂಗಾಳ ಜೊತೆ ಮಾತು ನಿಂತಿತು. ಮದುವೆ ಮುಂಜಿಗಳಲ್ಲಿ ಎದುರಾದರೆ ಒಬ್ಬರ ಸೀರೆಯನ್ನು ಒಬ್ಬರು ನೋಡಿ ಮುಂದೆ ಹೋಗುತ್ತಿದ್ದರು. ಆದರೂ ಆ ಮಾತು ನಿಂತಿರಲಿಲ್ಲ. ಪೇಪರು ತಿದ್ದುವಾಗ, ಬಸ್ಸಿನಲ್ಲಿ, ಒಲೆಯ ಮುಂದೆ ಇದ್ದಕ್ಕಿದ್ದ ಹಾಗೆ ಕಿವಿಯಲ್ಲಿ ಕೂಗುತ್ತಿತ್ತು. ಒಂದ್ ಹನಿ ನೀರಿಲ್ಲ.

ಶುಕ್ರವಾರ ಸಂಜೆ ಅವಳು ಕಿಟಕಿಗಳನ್ನು ಮುಚ್ಚಿದಳು. ಸೊಳ್ಳೆ ಎಂದಳು. ಶನಿವಾರ ಮತ್ತೆ ಮುಚ್ಚಿದಳು. ಗಾಳಿ ಆಡದ ಮನೆಯಲ್ಲಿ, ಸೆಕೆಯಲ್ಲಿ ಹಲಗೆ ಹೆಚ್ಚು ಹೆಚ್ಚು ಉಗುಳುತ್ತದೆಂಬುದು ಅವಳಿಗೆ ತಿಳಿಯದ್ದಲ್ಲ. ಅದಕ್ಕೇ ಇಂದು ನಸುಕಿನಿಂದ ಹುಗ್ಗಿಯ ದೊಡ್ಡ ಪಾತ್ರೆಯನ್ನು ಒಲೆಯ ಮೇಲೆ ಕುದಿಯಲು ಬಿಟ್ಟಿದ್ದಳು, ಎಸಿಯನ್ನು ಹಚ್ಚಗೊಟ್ಟಿರಲಿಲ್ಲ. ಅತ್ತೆಯ ಫೋಟೋವನ್ನು ದೇವರ ಮನೆಯಿಂದ ತಂದು ಪಡಸಾಲೆಯಲ್ಲಿ, ಟಿವಿಯ ಹಿಂದಿನ ಹೊಸ ಹಲಗೆಯ ಮೇಲೆ ತೂಗುಹಾಕಿದಳು. ಮನೆಯಲ್ಲೆಲ್ಲ ಹೆಚ್ಚು ಘಾಟು ಇದ್ದದ್ದು ಅಲ್ಲಿ, ಹೋದ ವಾರವಷ್ಟೇ ಹಚ್ಚಿದ ಅದರ ಪಾಲಿಶು ಇನ್ನೂ ಹಸಿ. ಹಾರ ಸರಿಪಡಿಸಲು ಹತ್ತಿರ ಹೋದಾಗಲೇ ಕಣ್ಣು ತುಂಬಿ ಬಂತು. ಲೆಕ್ಚರರಿಗೆ ತಕ್ಕ ಪ್ರಯೋಗ ಎಂದುಕೊಂಡಳು. ಇಷ್ಟು ವರ್ಷ ಲ್ಯಾಬಿನಲ್ಲಿ ಮಾಡಿದ ಪ್ರಯೋಗಗಳಲ್ಲಿ ಫಲಿತಾಂಶಕ್ಕಾಗಿ ಎದೆ ಇಷ್ಟು ಬಡಿದುಕೊಂಡದ್ದಿಲ್ಲ. ಗಾಜಿನ ಕಪಾಟಿನಲ್ಲಿ ತನ್ನ ಮುಖ ಕಂಡಿತು. ಕೆಂಪು ಕಣ್ಣು, ಹನಿಗೂಡಿದ ರೆಪ್ಪೆ. ಯಾರು ನೋಡಿದರೂ ಸೊಸೆಯೆಂದರೆ ಹೀಗಿರಬೇಕು ಎನ್ನುವಂಥ ಮುಖ.

ಗಂಗಾ ಒಬ್ಬಳೇ ಬಸ್ಸಿಗೆ ಬಂದಳು. ಖಾನಾವಳಿ ಮುಚ್ಚುವಂತಿಲ್ಲವೆಂದು ಗಂಡನನ್ನು ಅಲ್ಲೇ ಬಿಟ್ಟಿದ್ದಳು. ಇಳಕಲ್ಲ ಸೀರೆ, ಕಂಕುಳಲ್ಲಿ ಚೀಲ. ಹೊಸ್ತಿಲ ಮೇಲೆ ನಿಂತು ಮನೆಯನ್ನು ಒಂದು ಸುತ್ತು ಕಣ್ಣಾಡಿಸಿದಳು. ಬಿಳಿಯ ಮಾಳಿಗೆ, ಅದರೊಳಗೆ ಅಡಗಿಸಿಟ್ಟ ದೀಪಗಳು, ಅಖರೋಟದ ಕಪಾಟುಗಳು. ರಾಜೇಶ್ವರಿ ಉಸಿರು ಬಿಗಿಹಿಡಿದಳು. ಉಸಿರು ಹಿಡಿಯಲು ಆ ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಕಾರಣವೂ ಇತ್ತು, ಆದರೆ ಅವಳು ಹಿಡಿದದ್ದು ಹೊಗಳಿಕೆಗಾಗಿ.

"ಚೊಲೋ ಮಾಡಿಸೀರಿ," ಎಂದಳು ಗಂಗಾ, ಸಿದ್ಧಾರೂಢನ ಕಡೆ ತಿರುಗಿ. "ಹೆದ್ದಾರಿ ಮ್ಯಾಲ ಒಂದ ಹೊಸಾ ಲಾಡ್ಜ್ ಆಗೇತಿ. ಥೇಟ್ ಹಂಗ ಐತಿ."

"ಬರ್ರಿ ವೈನಿ, ಒಳಗ ಬರ್ರಿ," ಎಂದು ಅವನು ಕಣ್ಣೊರೆಸಿಕೊಂಡ. ಗಂಗಾ ಅವನ ಕಣ್ಣು ನೋಡಿದಳು. ಅನಂತರ ರಾಜೇಶ್ವರಿಯ ಕಣ್ಣು ನೋಡಿದಳು. ನೋಡಿ ಕಾಲು ತೊಳೆಯಲು ಹೋದಳು. ರಾಜೇಶ್ವರಿಯ ಎದೆಯೊಳಗೆ ಸಣ್ಣದೊಂದು ಗೆಲುವು ಬಾಲ ಅಲ್ಲಾಡಿಸಿತು.

ಪೂಜೆ ಮಾಡಿಸುವ ಅಯ್ಯನವರು ಬಂದರು. ಪಾದಪೂಜೆ ಆಯಿತು, ವಿಭೂತಿ ಹಚ್ಚಿಯಾಯಿತು, ಊದಿನಕಡ್ಡಿ, ಕರ್ಪೂರ, ಎಲ್ಲದರ ಹೊಗೆಯೂ ಹೋಗಲು ದಾರಿ ಕಾಣದೆ ಬಿಳಿಯ ಮಾಳಿಗೆಯ ಅಡಿಯಲ್ಲಿ ಸುತ್ತತೊಡಗಿತು. ಅಯ್ಯನವರು ಮಂತ್ರದ ನಡುವೆ ಒಮ್ಮೆ ಸೀನಿದರು. ಮತ್ತೊಮ್ಮೆ ಸೀನಿದರು. ನಾಲ್ಕು ಸಾಲು ಹೇಳಿ, ಕಣ್ಣಿಗೆ ಶಲ್ಯ ಒತ್ತಿಕೊಂಡು, "ತಾಯಿ ಭಾಳ ದೊಡ್ಡ ಜೀವ," ಎಂದರು, ಚನ್ನವ್ವನನ್ನು ಅವರು ಎಂದೂ ನೋಡಿರದಿದ್ದರೂ. ಓಣಿಯ ಎದುರು ಮನೆಯ ಇಂದ್ರವ್ವ ಕುಂಕುಮದ ಬಟ್ಟಲು ಹಿಡಿದು ಬಂದವಳು ಐದು ನಿಮಿಷದಲ್ಲಿ ಮೂಗು ಎಳೆಯುತ್ತಿದ್ದಳು. ಸಿದ್ಧಾರೂಢನಂತೂ ಹೊಳೆ. ಅವನು ತಾಯಿಗಾಗಿ ನಿಜವಾಗಿಯೂ ಅಳುತ್ತಿದ್ದನೋ ಹಲಗೆಗಾಗಿಯೋ ಹೇಳುವುದು ಕಷ್ಟವಿತ್ತು. ಹಲಗೆ ಶುರು ಮಾಡಿಕೊಟ್ಟದ್ದನ್ನು ಅವನು ತಾಯಿಯ ಹೆಸರಿನಲ್ಲಿ ಮುಂದುವರಿಸಿರಬೇಕು. ಮೊದಲೇ ತುಂಬಿಕೊಂಡಿದ್ದವನಿಗೆ ನೆವ ಸಿಕ್ಕಿತ್ತು. ಅದನ್ನು ಕಂಡು ರಾಜೇಶ್ವರಿಗೆ ಮೊದಲ ಸಲ ತಾನು ಮಾಡಿದ್ದು ತಮಾಷೆಯಲ್ಲವೆಂದು ಅನ್ನಿಸಿತು. ಆದರೆ ಅಷ್ಟರಲ್ಲಿ ಅವಳ ಸರದಿ ಬಂದಿತ್ತು. ಹೂ ಏರಿಸಲು ಫೋಟೋದ ಹತ್ತಿರ ಹೋದಳು. ಹಲಗೆಗೆ ಮುಖ ಸಮೀಪಿಸಿ, ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ನಿಂತು, ತಿರುಗಿದಾಗ ಕಣ್ಣೀರು ಗಲ್ಲದಿಂದ ಗದ್ದಕ್ಕೆ, ಗದ್ದದಿಂದ ಸೀರೆಗೆ ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. ಎಲ್ಲರೂ ನೋಡುವಷ್ಟು ಹೊತ್ತು ಹಾಗೆಯೇ ನಿಂತಳು.

ಗಂಗಾ ಎದ್ದು ಬಂದಳು. ಅವಳ ಮುಖವೂ ತೊಯ್ದಿತ್ತು. ರಾಜೇಶ್ವರಿಯ ಎರಡೂ ಕೈ ಹಿಡಿದುಕೊಂಡಳು. ರೊಟ್ಟಿ ಬಡಿದು ಬಡಿದು ಗಟ್ಟಿಯಾದ ಅಂಗೈ. "ಅವತ್ತ ನಾ ಹಂಗ ಅನಬಾರದಾಗಿತ್ತು," ಎಂದಳು, ಅವಳಿಗೆ ಸಾಧ್ಯವಿದ್ದಷ್ಟು ಮೆತ್ತಗೆ. "ಮಂದಿ ಮುಂದ ಅಂದೆ. ಆಮ್ಯಾಲ ತಪ್ಪಾತು ಅನಿಸ್ತು. ಹೆಂಗ ಹೇಳೂದು ತಿಳೀಲಿಲ್ಲ. ನಿನ್ನ ಕಣ್ಣಾಗ ಇಷ್ಟ ನೀರ ಇತ್ತಂತ ನನಗೇನ್ ಗೊತ್ತು."

ಇದೇ, ಇದೇ ಕ್ಷಣಕ್ಕಾಗಿ ಅವಳು ಮೂರು ದಿನ ವಿಷ ಕುಡಿದಿದ್ದಳು. ಬಂತು. ಬಂದದ್ದರ ರುಚಿ ಮಾತ್ರ ಬಾಯಿಗೆ ಹತ್ತಲಿಲ್ಲ. ಗೆದ್ದದ್ದು ತಾನಲ್ಲ, ಪುಡಿಕಟ್ಟಿಗೆ. ಗಂಗಾಳ ಈ ಮಾತು ಇಷ್ಟು ವರ್ಷ ಅವಳೊಳಗೆ ಇದ್ದದ್ದು ನಿಜವಿರಬೇಕು, ಆದರೆ ಹೊರಗೆ ಬಂದದ್ದು ಸುಳ್ಳು ನೀರನ್ನು ನಂಬಿ. ಹಾಗಾದರೆ ಇದನ್ನು ತಾನು ಇಟ್ಟುಕೊಳ್ಳಬಹುದೋ, ತಿರುಗಿ ಕೊಡಬೇಕೋ? ಇಟ್ಟುಕೊಳ್ಳಬಹುದು ಎಂದಿತು ಮನಸ್ಸಿನ ಒಂದು ಭಾಗ, ಯಾರಿಗೆ ಗೊತ್ತಾಗುತ್ತದೆ, ಕಪ್ಪೆ ಹೇಳುತ್ತದೆಯೇ. ಕೈ ಬಿಡಿಸಿಕೊಳ್ಳದೆ ಅವಳು ನಿಂತಿರುವಾಗ ಗಂಗಾಳ ಹಿಡಿತ ಇನ್ನೂ ಬಿಗಿಯಾಯಿತು. ಪ್ರೀತಿಯಿಂದ ಎಂದುಕೊಂಡಳು. ಬಿಗಿ ಹೆಚ್ಚಿತು. ಗಂಗಾ ಕೆಮ್ಮಿದಳು. ಕೆಮ್ಮು ನಿಲ್ಲಲಿಲ್ಲ. ಬಾಯಿ ತೆರೆದು ಗಾಳಿ ಎಳೆದುಕೊಳ್ಳಲು ನೋಡಿದಳು, ಎದೆಯಿಂದ ಪೀಪಿಯಂಥ ಸಣ್ಣ ಸದ್ದು ಬಂತು, ಕಣ್ಣು ದೊಡ್ಡವಾದವು.

"ವೈನಿಗೆ ದಮ್ಮ ಐತಿ," ಎಂದು ಸಿದ್ಧಾರೂಢ ಓಡಿಬಂದ. "ಹೋದ ಚಳಿಗಾಲದಾಗ ದವಾಖಾನಿಗೆ ಹಾಕಿದ್ರಲ್ಲ."

ದಮ್ಮು ಇದೆಯೆಂದು ರಾಜೇಶ್ವರಿಗೆ ಯಾರೂ ಹೇಳಿರಲಿಲ್ಲ. ಮಾತೇ ಇರದ ಮೇಲೆ ಹೇಳುವುದು ಹೇಗೆ. ಆಮೇಲೆ ಅವಳಿಗೆ ತಾನು ಮಾಡಿದ್ದೆಲ್ಲ ಸರಿಯಾಗಿ ನೆನಪಾಗಲಿಲ್ಲ. ಕಿಟಕಿಗಳನ್ನು ಎಳೆದಳು, ಒಂದು ರಬ್ಬರಿನಲ್ಲಿ ಸಿಕ್ಕಿ ಜಾರದಿದ್ದಾಗ ಹುಗ್ಗಿಯ ಸವಟಿನಿಂದ ಬಡಿದಳು. ಗಂಗಾಳನ್ನು ಸೊಂಟಕ್ಕೆ ಕೈ ಹಾಕಿ ಹೊರಗಿನ ಕಟ್ಟೆಗೆ ಎಳೆದು ತಂದಳು. ಆ ಭಾರೀ ಹೆಂಗಸು ಆಗ ಹತ್ತಿಯ ಮೂಟೆಯಂತೆ ಅವಳ ಮೇಲೆ ಒರಗಿದಳು. ಚೀಲವನ್ನು ತಲೆಕೆಳಗು ಮಾಡಿ ಸುರಿದು, ಬಿದ್ದ ಬಾಚಣಿಗೆ, ಬಸ್ ಟಿಕೇಟು, ಎಲೆಯಡಿಕೆಗಳ ನಡುವಿನಿಂದ ಉಸಿರಿನ ಪಂಪನ್ನು ಹುಡುಕಿ ಬಾಯಿಗೆ ಹಿಡಿದಳು. ಗಂಗಾ ಎಳೆದಳು. ತಡೆದಳು. ಮತ್ತೆ ಎಳೆದಳು. ಓಣಿಯ ಗಾಳಿ, ಯಾರದೋ ಎಮ್ಮೆಯ ಸಗಣಿಯ ವಾಸನೆ, ಬಿಸಿಲು, ದೂರದ ಹಿಟ್ಟಿನ ಗಿರಣಿಯ ಸದ್ದು. ಪೀಪಿಯ ದನಿ ಮೆಲ್ಲಗೆ ಇಳಿಯಿತು. ಆ ಹೊತ್ತಿನಲ್ಲಿ ರಾಜೇಶ್ವರಿ ಅವಳ ಬೆನ್ನು ತಿಕ್ಕುತ್ತ, ದೇವರಿಗಲ್ಲ, ಅತ್ತೆಯ ಫೋಟೋಕ್ಕೂ ಅಲ್ಲ, ಆ ಬೆನ್ನಿಗೇ ಏನೇನೋ ಬೇಡಿಕೊಳ್ಳುತ್ತಿದ್ದಳು.

ಅಯ್ಯನವರು ಉಳಿದ ಮಂತ್ರವನ್ನು ಹೊರಗೆ ಬೇವಿನ ಗಿಡದ ಕೆಳಗೆ ಮುಗಿಸಿದರು, ಸೀನದೆ. ಊಟವೂ ಓಣಿಯಲ್ಲೇ ಆಯಿತು. ಎಲ್ಲರೂ ಕೈ ತೊಳೆಯಲು ಎದ್ದು ಹೋದ ಮೇಲೆ ಕಟ್ಟೆಯ ಮೇಲೆ ನೆಗೆಣ್ಣಿಯರಿಬ್ಬರೇ ಉಳಿದರು.

"ಅಕ್ಕಾ, ನಾ ಅತ್ತದ್ದು ಅತ್ತೀ ಸಲುವಾಗಿ ಅಲ್ಲರಿ," ಎಂದಳು ರಾಜೇಶ್ವರಿ.

"ಮತ್ತ ಯಾರ ಸಲುವಾಗಿ?"

"ಹಲಗಿ ಸಲುವಾಗಿ."

ಗಂಗಾ ಅವಳ ಹಣೆ ಮುಟ್ಟಿ ನೋಡಲು ಕೈ ಎತ್ತಿದಳು. ರಾಜೇಶ್ವರಿ ಬೇಗ ಬೇಗ ಹೇಳಿಬಿಟ್ಟಳು. "ಹೊಸಾ ಕಪಾಟಿನ ಹಲಗ್ಯಾಗ ಅಂಟ ಇರತೈತ್ರಿ. ಅದರಾಗಿಂದ ಒಂದ ಗ್ಯಾಸ್ ಬರತೈತಿ. ಕಣ್ಣ ಉರೀತಾವು, ಎದಿ ಕಟ್ಟತೈತಿ. ಕಿಟಕಿ ತಗದ್ರ ಕಡಿಮಿ ಆಕ್ಕೈತಿ. ನನಗ ಗೊತ್ತಿತ್ರಿ. ಗೊತ್ತಿದ್ದ ಮುಚ್ಚಿದ್ದೆ. ನಿಮ್ಮ ಮುಂದ ಅಳಬೇಕಾಗಿತ್ತು. ನಿಮಗ ದಮ್ಮ ಐತಿ ಅಂತ ಖರೇನ ಗೊತ್ತಿರಲಿಲ್ಲ."

ಗಂಗಾ ಬೈಯುತ್ತಾಳೆಂದು ರಾಜೇಶ್ವರಿ ಕಾದಳು. ಓಣಿಯೆಲ್ಲ ಕೇಳುವಂತೆ ಬೈದರೆ ಎಷ್ಟೋ ಹಗುರಾಗುತ್ತಿತ್ತು. "ಅಂದ್ರ ನಾ ಅತ್ತದ್ದೂ ಹಲಗೀ ಸಲುವಾಗಿ?" ಎಂದಷ್ಟೇ ಕೇಳಿದಳು ಗಂಗಾ. ರಾಜೇಶ್ವರಿ ತಲೆಯಾಡಿಸಿದಳು. ಗಂಗಾ ಚೆಲ್ಲಿದ ಸಾಮಾನನ್ನು ಚೀಲಕ್ಕೆ ತುಂಬಿಕೊಂಡು, ಸಿದ್ಧಾರೂಢ ಗಾಡಿಯ ಮೇಲೆ ಬಿಡುತ್ತೇನೆಂದರೂ ಕೇಳದೆ, ನಡೆದೇ ಬಸ್ ಸ್ಟ್ಯಾಂಡಿಗೆ ಹೋದಳು. ತಿರುಗಿ ನೋಡಲಿಲ್ಲ.

ಆ ವಾರವೆಲ್ಲ ರಾಜೇಶ್ವರಿ ಮನೆಯೊಂದಿಗೆ ಜಗಳ ತೆಗೆದಳು. ಬಿಳಿಯ ಮಾಳಿಗೆಯನ್ನು ನಡುವೆ ಕೊರೆಸಿದಳು. ಬೆಳಕಿಂಡಿ ಧೂಳು ಕೊಡವಿಕೊಂಡು ಮತ್ತೆ ಕಣ್ಣು ಬಿಟ್ಟಿತು, ಮನೆಯೊಳಗಿನ ಬಿಸಿಗಾಳಿ ಮೇಲಕ್ಕೆ ಏರಿ ಹೋಗಲು ದಾರಿಯಾಯಿತು. ಉಳ್ಳಾಗಡ್ಡಿ ಬೀದಿಗೆ ಹೋದವು, ಸುವಾಸನೆಯ ಡಬ್ಬಿಗಳು ಹೋದವು, ಅವೂ ಗಾಳಿ ಕೆಡಿಸುವವೇ. ದುರ್ಗಪ್ಪ ಬಂದು, "ಮೇಡಂ, ವಾಸನಿ ತಾನ ಹೋಗತೈತ್ರಿ, ವರ್ಷ ಒಪ್ಪತ್ತಿನ್ಯಾಗ," ಎಂದ. ಅವಳು ಅವನಿಗೆ ಬೈಯಲಿಲ್ಲ, ಎರಡು ತುಂಡು ತಂದು ತೋರಿಸಿದವನು ಅವನೇ. "ಮಲಗೂ ಖೋಲಿ ಬೀರು, ಟಿವಿ ಹಲಗಿ, ಎರಡೂ ಕಿತ್ತ ಹಾಕು," ಎಂದಳು. "ಅಡಗಿಮನಿದು ಹೊರಗ ಬಿಸಲಿಗೆ ಇಡು. ಆಮ್ಯಾಲ ಹಿಂದು ಮುಂದು, ಮೊಳಿ ತೂತು ಸೈತ, ಎಲ್ಲಾ ಅಂಚಿಗೆ ಪಟ್ಟಿ ಹಚ್ಚು. ಬರೇ ಹಲಗಿ ಎಲ್ಲೂ ಕಾಣಬಾರದು." ಸತ್ಯಪ್ಪ ಒಂದು ಸಂಜೆ ಬಂದು ಮೂಗಿನಿಂದ ಮನೆಯನ್ನೆಲ್ಲ ಅಳೆದು, "ನನ್ನ ಕಪ್ಪಿಗೋಳ ಇಲ್ಲಿ ಬ್ಯಾಡ ಅಂತಾವ ಈಗ, ಸುಧಾರಿಸೇತಿ," ಎಂದು ಚಹಾ ಕುಡಿದು ಹೋದ. ಸಿದ್ಧಾರೂಢ ಏನೂ ಕೇಳಲಿಲ್ಲ. ಒಂದು ಸಲ ಮಾತ್ರ, ಬಟ್ಟೆಗಳ ಗಂಟಿನ ನಡುವೆ ನೆಲದ ಮೇಲೆ ಹಾಸಿಗೆ ಹಾಸುವಾಗ, "ಆದ್ರೂ ಅವತ್ತ ಅವ್ವನ್ನ ನೆನಿಸಿ ಅತ್ತದ್ದು ಚೊಲೋ ಆತು ನನಗ," ಎಂದ. ಅದನ್ನೂ ಹಲಗೆಯ ಲೆಕ್ಕಕ್ಕೆ ಹಾಕುವ ಧೈರ್ಯ ಅವಳಿಗಾಗಲಿಲ್ಲ. ಕಿತ್ತೂರಿಗೆ ಫೋನು ಹಚ್ಚಲು ದಿನಾ ಕೈಗೆತ್ತಿಕೊಂಡು ದಿನಾ ಕೆಳಗಿಡುತ್ತಿದ್ದಳು.

ಮುಂದಿನ ರವಿವಾರ ಅಡುಗೆಮನೆಯ ಕಪಾಟುಗಳೆಲ್ಲ ಓಣಿಯಲ್ಲಿ ಬಿಸಿಲು ಕಾಯುತ್ತ ಸಾಲಾಗಿ ನಿಂತಿರುವಾಗ, ಹೇಳದೆ ಕೇಳದೆ ಗಂಗಾ ಬಂದಳು. ಚೀಲದ ಜೊತೆಗೆ ರೊಟ್ಟಿಯ ಗಂಟೂ ಇತ್ತು.

"ನನ್ನ ಅಳಿಸಿದ ಹಲಗಿ ಯಾವುದು?" ಎಂದಳು. ರಾಜೇಶ್ವರಿ ಗೋಡೆಗೆ ಒರಗಿಸಿದ್ದ ಟಿವಿಯ ಹಲಗೆಯನ್ನು ತೋರಿಸಿದಳು. ಗಂಗಾ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು, ಉದುರುತ್ತಿದ್ದ ಅಂಚನ್ನು ಉಗುರಿನಿಂದ ಕೆರೆದಳು, ಮೂಸಿದಳು, ಮುಖ ಹಿಂಡಿದಳು. ಸುಳ್ಳು ಹೇಳಿಲ್ಲವೆಂದು ಖಾತ್ರಿಯಾಯಿತೆಂಬಂತೆ ಕಟ್ಟೆಯ ಮೇಲೆ ಕೂತಳು. ಓಣಿಯಲ್ಲಿ ಹೋಗುವವರೆಲ್ಲ ನಿಂತು ಕೇಳುತ್ತಿದ್ದರು, ಯಾಕೆ ಮನೆ ಖಾಲಿ ಮಾಡುತ್ತೀರಾ ಎಂದು. ರಾಜೇಶ್ವರಿ ಬಾಯಿ ತೆರೆಯುವ ಮೊದಲೇ ಗಂಗಾ ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಟ್ಟಳು. ಇಂದ್ರವ್ವನಿಗೆ, "ಹೆಗ್ಗಣ ಹೊಕ್ಕಿತ್ತವ್ವ." ಹಾಲಿನವನಿಗೆ, "ಕಪಾಟಿಗೆ ಥಂಡಿ ಆಗೇತಿ. ಬಿಸಲ ಕಾಸಾಕ ಡಾಕ್ಟರ್ ಹೇಳ್ಯಾನ." ಸೈಕಲ್ಲಿನ ಮುದುಕನಿಗೆ, "ಹರಾಜ ಐತಿ. ನೀ ಏನ್ ತೊಗೊಂತಿ?" ಮುದುಕ ಸೈಕಲ್ಲು ನಿಲ್ಲಿಸಿ ಕಪಾಟಿನ ಬಾಗಿಲು ತೆರೆದು ಮುಚ್ಚಿ ನೋಡಿ, ಬೇಡವೆಂದು ಹೋದ. ಹೊಟ್ಟೆ ಹಿಡಿದು ನಗುವಂತಾದರೂ ರಾಜೇಶ್ವರಿ ನಗಲಿಲ್ಲ. ನಗುವ ಹಕ್ಕು ತನಗೆ ಬಂದಿದೆಯೋ ಇಲ್ಲವೋ ತಿಳಿಯಲಿಲ್ಲ.

"ಒಂದ್ ಕೇಳತೇನಿ," ಎಂದಳು ಗಂಗಾ, ಮುದುಕ ಮರೆಯಾದ ಮೇಲೆ. "ವಾರೆಲ್ಲಾ ಅದನ್ನ ವಿಚಾರ ಮಾಡಿದೆ. ಅವತ್ತ, ಅತ್ತಿ ಸತ್ತಾಗ, ಖರೇ ಯಾಕ ಅಳಲಿಲ್ಲ ನೀ?"

ಇದನ್ನು ಇಲ್ಲಿಯವರೆಗೆ ಯಾರೂ ಕೇಳಿರಲಿಲ್ಲ; ಅಳಲಿಲ್ಲ ಎಂದು ಹೇಳಿದವರೇ ಎಲ್ಲ. ದೊಡ್ಡ ಉತ್ತರಗಳು ಅವಳ ಹತ್ತಿರ ತಯಾರಿದ್ದವು. ದುಃಖ ಒಳಗೇ ಹೆಪ್ಪುಗಟ್ಟಿತ್ತು, ನಂಬಲಾಗಿರಲಿಲ್ಲ, ಹೀಗೆ. ಗಂಡನಿಗೆ ಹೇಳಲೆಂದು, ತನಗೆ ತಾನೇ ಹೇಳಿಕೊಳ್ಳಲೆಂದು ಮಾಡಿಟ್ಟವು. ಅವುಗಳಲ್ಲಿ ಒಂದನ್ನು ಎತ್ತಿಕೊಳ್ಳಲು ಹೋದವಳು ಬಿಟ್ಟಳು.

"ಹಸಿವಾಗಿತ್ರಿ," ಎಂದಳು. "ಬೆಳಗಾವ್ಯಾಗ ಪೇಪರ್ ತಿದ್ದಾಕ ಹೋಗಿದ್ದೆ. ಫೋನ್ ಬಂತು, ಹಂಗ ಎದ್ದ ಬಂದೆ. ಮುಂಜಾನಿಂದ ಏನೂ ತಿಂದಿರಲಿಲ್ಲ. ನೀವೆಲ್ಲಾ ಅಳಾಕತ್ತಿದ್ರಿ, ನನಗ ಅವಲಕ್ಕಿ ಕಾಣಾಕತ್ತಿತ್ತು. ಅತ್ತಿ ಮಾರಿ ನೋಡಿದ್ರೂ ಅವಲಕ್ಕಿ. ನಾ ಎಂಥಾಕಿ ಅಂತ ನನಗ ಹೇಸಿಗಿ ಬಂದಿತ್ತು."

ಹೇಳಿ ಮುಗಿಸಿ ನೆಲ ನೋಡಿದಳು. ಗಂಗಾಳಿಂದ ಕೆಮ್ಮಿದ ಹಾಗೆ ಒಂದು ಸದ್ದು ಬಂತು. ರಾಜೇಶ್ವರಿ ಗಾಬರಿಯಾಗಿ ಪಂಪಿಗಾಗಿ ಚೀಲಕ್ಕೆ ಕೈ ಹಾಕಿದಳು. ಗಂಗಾ ಕೈ ತಡೆದಳು. ನಗುತ್ತಿದ್ದಳು.

"ಸತ್ತ ಮನ್ಯಾಗ ಒಲಿ ಹಚ್ಚಂಗಿಲ್ಲ, ಖರೆ," ಎಂದಳು. "ಆದ್ರ ನನ್ನ ಹಂತ್ಯಾಕ ಚುರಮುರಿ ಇತ್ತು. ಹಿತ್ತಲದಾಗ ಹೋಗಿ, ಕುಳ್ಳಿನ ಬಣವಿ ಹಿಂದ ಕುಂತು ತಿಂದು ಬಂ‌ದಿದ್ದೆ. ಅದಕ್ಕ ನನಗ ಅಷ್ಟ ಜೋರ ಅಳಾಕ ಬಂತು. ಹೊಟ್ಯಾಗ ಏನರ ಇದ್ರ ತಾನ ಅಳು ಬರೂದು."

ರಾಜೇಶ್ವರಿ ಅವಳ ಮುಖವನ್ನೇ ನೋಡಿದಳು. ಕೇಳಬೇಕಾದ ದೊಡ್ಡ ದೊಡ್ಡ ಪ್ರಶ್ನೆಗಳು ಇದ್ದವು. ಅವಳ ಬಾಯಿಂದ ಬಂದದ್ದು ಬೇರೆ.

"ಒಂದೀಟ ಉಳದಿತ್ತೇನ್ರಿ ಅಕ್ಕಾ?"

"ಅರ್ಧ ಪೊಟ್ಟಣ ಉಳದಿತ್ತು," ಎಂದಳು ಗಂಗಾ, ಮೊಣಕಾಲ ಮೇಲಿನ ರೊಟ್ಟಿಯ ಗಂಟನ್ನು ಬಿಚ್ಚುತ್ತ. "ಕೇಳಿದ್ರ ಕೊಡತಿದ್ದೆ. ನೀ ಕೇಳಾಕಿ ಅಲ್ಲ."